ಚಿಕಿತ್ಸೆ ಮುಗಿದ ಮೇಲೆ: ಕ್ಯಾನ್ಸರಿನಿಂದ ಬದುಕುಳಿದವರ ಆಸರೆಯ ಇತಿಹಾಸ

ವ್ಯಾಧಿಪೀಡಿತರಿಗೆ ಔಷಧದಾನ ಮಾಡುವುದು ನಮ್ಮ ಸಮಾಜದಲ್ಲಿ ಬಹುಕಾಲದಿಂದ ನಡೆದುಬಂದಿರುವ ಸತ್ಕಾರ್ಯವಾಗಿದೆ. ಬಸದಿಗಳ ಟ್ರಸ್ಟುಗಳೂ ಅನುಕೂಲಸ್ಥ ಮನೆತನಗಳೂ ಬಡ ರೋಗಿಗಳ ಆಸ್ಪತ್ರೆಯ ವೆಚ್ಚಕ್ಕೆಂದು ಪ್ರತಿವರ್ಷವೂ ಒಂದಷ್ಟು ಹಣವನ್ನು ತೆಗೆದಿರಿಸುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಇಂತಹ ನೆರವಿನ ಖಾತೆಯನ್ನು ತಿರುವಿ ನೋಡಿದರೆ ಒಂದು ಸಂಗತಿ ಎದ್ದು ಕಾಣುವುದು. ರೋಗಿಯು ಆಸ್ಪತ್ರೆಯಿಂದ ಮನೆಗೆ ಮರಳಿದ ದಿನವೇ ಖಾತೆಯೂ ಮುಗಿದಿರುತ್ತದೆ. ಕೊನೆಯ ಬಿಲ್ಲು ಪಾವತಿಯಾಯಿತು, ವೋಚರಿಗೆ ಸಹಿ ಬಿದ್ದಿತು, ಲೆಕ್ಕ ಚುಕ್ತವಾಯಿತು. ಮೂಳೆ ಮುರಿದವರಿಗೋ ವಿಷಮಜ್ವರ ಬಂದವರಿಗೋ ಈ ಕ್ರಮ ಸಾಕಾದೀತು. ಕ್ಯಾನ್ಸರಿನಿಂದ ಪಾರಾಗಿ ಬಂದವರಿಗೆ ಮಾತ್ರ ಮತ್ತೊಂದು ಬಗೆಯ ಕಷ್ಟವು ಆ ದಿನದಿಂದಲೇ ಪ್ರಾರಂಭವಾಗುತ್ತದೆ. ಈ ಎರಡನೆಯ ಕಷ್ಟವನ್ನು ಲೋಕವು ಗುರುತಿಸಿದ್ದು ಯಾವಾಗ, ಗುರುತಿಸಿದವರು ಯಾರು, ಅದಕ್ಕೆ ಯಾವ ಬಗೆಯ ಆಸರೆ ದೊರೆಯಿತು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇವರ ಸಂಖ್ಯೆ ಅಲ್ಪವಾದುದಲ್ಲ. 2022ರ ಅಂತಾರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ವರ್ಷವೊಂದಕ್ಕೆ ಸುಮಾರು 14 ಲಕ್ಷ ಜನರಲ್ಲಿ ಹೊಸದಾಗಿ ಈ ರೋಗ ಪತ್ತೆಯಾಗುತ್ತದೆ. ರೋಗ ಪತ್ತೆಯಾಗಿ ಐದು ವರ್ಷಗಳೊಳಗಿದ್ದು ಜೀವಂತರಾಗಿರುವವರ ಸಂಖ್ಯೆ ನಮ್ಮ ದೇಶದಲ್ಲಿ 32 ಲಕ್ಷವನ್ನೂ ಪ್ರಪಂಚದಲ್ಲಿ 5 ಕೋಟಿಯನ್ನೂ ಮೀರಿದೆ. ಅಮೆರಿಕದಲ್ಲಿ 1971ರ ಸುಮಾರಿಗೆ 30 ಲಕ್ಷವಿದ್ದ ಇಂತಹವರ ಸಂಖ್ಯೆ 2022ರ ವೇಳೆಗೆ 180 ಲಕ್ಷಕ್ಕೆ ಏರಿತು. ಇವರನ್ನು ಕರೆಯಲು ನಮ್ಮ ಭಾಷೆಯಲ್ಲಿ ಒಪ್ಪುವ ಹೆಸರೊಂದು ಇನ್ನೂ ನಿಂತಿಲ್ಲ. 'ಗುಣಮುಖರಾದವರು' ಎಂಬುದು ವೈದ್ಯರ ಮಾತು. 'ಕ್ಯಾನ್ಸರ್ ಗೆದ್ದವರು' ಎಂಬುದು ಸಭೆಯಲ್ಲಿ ಶಾಲು ಹೊದಿಸುವಾಗ ಬರುವ ಮಾತು. ಗೆದ್ದೆನೆಂದು ಎದೆ ತಟ್ಟಿ ಹೇಳುವ ಧೈರ್ಯ ಅವರಲ್ಲಿ ಅನೇಕರಿಗಿಲ್ಲ. 'ಬದುಕುಳಿದವರು' ಎಂಬುದನ್ನೇ ಸದ್ಯಕ್ಕೆ ಇಟ್ಟುಕೊಳ್ಳೋಣ.

ಮೊದಲಿಗೆ ಮೌನದ ಕಾಲವನ್ನು ನೋಡಬೇಕು. ನಮ್ಮ ಮನೆಗಳಲ್ಲಿ ಈ ರೋಗವನ್ನು 'ಗಡ್ಡೆ' ಎಂದೋ 'ದೊಡ್ಡ ಕಾಯಿಲೆ' ಎಂದೋ ದನಿ ತಗ್ಗಿಸಿ ಹೇಳುವುದನ್ನು ಕೇಳಿದವರು, ಇದು ನಮ್ಮ ದೇಶದ ಸಂಕೋಚವೆಂದೂ ಪಾಶ್ಚಾತ್ಯರು ಎಲ್ಲವನ್ನೂ ಬಿಚ್ಚಿ ಹೇಳುವವರೆಂದೂ ಭಾವಿಸುವುದುಂಟು. ಇತಿಹಾಸ ಹಾಗಿಲ್ಲ. 1950ರ ದಶಕದ ಆರಂಭದಲ್ಲಿ ಫ್ಯಾನಿ ರೊಸೆನೋ ಎಂಬ ಮಹಿಳೆಯು ಸ್ತನ ಕ್ಯಾನ್ಸರಿಗೆ ಒಳಗಾದ ಸ್ತ್ರೀಯರ ಸಭೆಯೊಂದರ ಪ್ರಕಟಣೆಯನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಹಾಕಿಸಲು ಹೋದಾಗ, 'ಸ್ತನ' ಎಂಬ ಶಬ್ದವನ್ನಾಗಲಿ 'ಕ್ಯಾನ್ಸರ್' ಎಂಬ ಶಬ್ದವನ್ನಾಗಲಿ ಅಚ್ಚು ಹಾಕಲಾಗದೆಂದು ಉತ್ತರ ಬಂದಿತು. ಎದೆಗೂಡಿನ ಕಾಯಿಲೆಗಳ ಕುರಿತ ಸಭೆಯೆಂದು ಬರೆಯಬಹುದೆಂಬ ಸಲಹೆಯೂ ಅದರೊಡನೆ ದೊರೆಯಿತಂತೆ. 1961ರಲ್ಲಿ ಷಿಕಾಗೋ ನಗರದ ಆಸ್ಪತ್ರೆಯೊಂದರ ವೈದ್ಯರನ್ನು ಡೊನಾಲ್ಡ್ ಓಕನ್ ಎಂಬುವರು ವಿಚಾರಿಸಿದಾಗ, ನೂರಕ್ಕೆ ಸುಮಾರು 90 ಮಂದಿ, ಸಾಮಾನ್ಯವಾಗಿ ತಾವು ರೋಗಿಗೆ ಈ ರೋಗದ ಹೆಸರನ್ನು ತಿಳಿಸುವುದಿಲ್ಲವೆಂದರು. 1979ರಲ್ಲಿ ಅಂತಹುದೇ ಮತ್ತೊಂದು ವಿಚಾರಣೆ ನಡೆದಾಗ ನೂರಕ್ಕೆ 97 ಮಂದಿ ತಿಳಿಸುವೆವೆಂದರು. ಹದಿನೆಂಟೇ ವರ್ಷಗಳಲ್ಲಿ ವೃತ್ತಿಧರ್ಮವೊಂದು ಹೀಗೆ ತಲೆಕೆಳಗಾದುದು ವೈದ್ಯಕೀಯ ಚರಿತ್ರೆಯಲ್ಲಿ ಅಪರೂಪವೇ ಸರಿ.

ಈ ಬದಲಾವಣೆಗೆ ಕಾರಣಗಳು ಹಲವು. ಚಿಕಿತ್ಸೆ ಸುಧಾರಿಸಿತು, ರೋಗಿಯ ಹಕ್ಕುಗಳ ಕುರಿತ ವಿಚಾರ ಬೆಳೆಯಿತು. ಆದರೆ ಬದುಕುಳಿದವರ ಬಾಳಿನ ಮಟ್ಟಿಗೆ ಹೇಳುವುದಾದರೆ, ಮೊದಲ ಹೆಜ್ಜೆಯನ್ನಿಟ್ಟವರು ವೈದ್ಯರಲ್ಲ, ರೋಗವನ್ನುಂಡವರೇ ಆಗಿದ್ದರು. ಅವರಲ್ಲಿ ಮೊದಲು ನೆನೆಯಬೇಕಾದವಳು ಟೆರೀಸ್ ಲ್ಯಾಸರ್.

ಈಕೆಯ ಪತಿ ಜೆ. ಕೆ. ಲ್ಯಾಸರ್ ಹೆಸರಾಂತ ಲೆಕ್ಕಪರಿಶೋಧಕ. ಅಮೆರಿಕದ ಸಾಮಾನ್ಯ ಜನರಿಗಾಗಿ ಆತ ಬರೆದ ಆದಾಯ ತೆರಿಗೆಯ ಕೈಪಿಡಿ ಲಕ್ಷಗಟ್ಟಲೆ ಮಾರಾಟವಾಯಿತು. (ವಾಣಿಜ್ಯಶಾಸ್ತ್ರ ಓದಿದ ನನಗೆ ಗಂಡನ ಹೆಸರು ಮೊದಲು ಪರಿಚಯವಾಗಿ, ಹೆಂಡತಿಯ ಹೆಸರು ಬಹಳ ತಡವಾಗಿ ತಿಳಿಯಿತು. ಮಾಡಿದ ಉಪಕಾರವನ್ನು ತೂಗಿದರೆ ಕ್ರಮವು ಹಿಂದುಮುಂದಾಗಬೇಕಿತ್ತು.) 1952ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯಲ್ಲಿ ಈಕೆಗೆ ಸ್ತನಚ್ಛೇದನ ಶಸ್ತ್ರಚಿಕಿತ್ಸೆಯಾಯಿತು. ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನು 19ನೆಯ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ವಿಧಾನವು ಆಗ ಎಲ್ಲೆಡೆಯೂ ನಡೆಯುತ್ತಿತ್ತು. ಅದರಲ್ಲಿ ಸ್ತನದೊಡನೆ ಅದರಡಿಯ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ತೋಳು ಬಿಗಿದು ಮೇಲೇಳದಾಗುತ್ತಿತ್ತು; ಕೆಲವರಿಗೆ ಬಾತು ಭಾರವಾಗುತ್ತಿತ್ತು. ಅರಿವಳಿಕೆ ಕೊಟ್ಟು ಗಡ್ಡೆಯ ಚೂರನ್ನು ಪರೀಕ್ಷಿಸಿ, ಕ್ಯಾನ್ಸರೆಂದು ತೋರಿದರೆ ಆ ಕ್ಷಣವೇ ಸ್ತನವನ್ನು ತೆಗೆದುಹಾಕುವುದು ಅಂದಿನ ವಾಡಿಕೆಯಾದುದರಿಂದ, ಎಷ್ಟೋ ಸ್ತ್ರೀಯರಿಗೆ ಎಚ್ಚರವಾದ ಮೇಲೆಯೇ ತಮಗೇನಾಯಿತೆಂಬುದು ತಿಳಿಯುತ್ತಿತ್ತು.

ಲ್ಯಾಸರ್ ಕೇಳಿದ ಪ್ರಶ್ನೆಗಳು ಸರಳವಾದುವು. ತೋಳನ್ನು ಹೇಗೆ ಪಳಗಿಸಬೇಕು? ಮೈಮೇಲೆ ಉಡುಪು ಹೇಗೆ ನಿಲ್ಲಬೇಕು? ಗಂಡನೊಡನೆ, ಮಕ್ಕಳೊಡನೆ ಏನು ಹೇಳಬೇಕು? ಶಸ್ತ್ರವೈದ್ಯರಲ್ಲಿ ಇವಕ್ಕೆ ಉತ್ತರವಿರಲಿಲ್ಲ. ಅವರ ದೃಷ್ಟಿಯಲ್ಲಿ ಗಾಯ ಮಾಯ್ದಿತ್ತು, ಕೆಲಸ ಮುಗಿದಿತ್ತು. ಆಕೆ ತಾನೇ ಪ್ರಯೋಗ ಮಾಡಿ ಉತ್ತರ ಕಂಡುಕೊಂಡು, ಇತರ ರೋಗಿಗಳ ಹಾಸಿಗೆಯ ಬಳಿಗೆ ಹೋಗಲಾರಂಭಿಸಿದಳು. ಕೈಯಲ್ಲಿ ಒಂದು ಸಣ್ಣ ಕಟ್ಟು: ತೋಳಿನ ವ್ಯಾಯಾಮಕ್ಕೆ ಒಂದು ಹಗ್ಗ, ಉಡುಪಿನೊಳಗೆ ತಾತ್ಕಾಲಿಕವಾಗಿ ಇರಿಸಿಕೊಳ್ಳಲು ಮೆದುವಾದ ಒಂದು ಕೃತಕ ಸ್ತನ, ಒಂದು ಕೈಪಿಡಿ, ಪತಿಗೂ ಮಕ್ಕಳಿಗೂ ಕೊಡುವ ಪತ್ರಗಳು. ಇವೆಲ್ಲಕ್ಕಿಂತ ಮಿಗಿಲಾದ ಔಷಧವೆಂದರೆ ಆಕೆಯೇ. ಅದೇ ಗಾಯವನ್ನು ಹೊತ್ತ ಹೆಂಗಸೊಬ್ಬಳು ನೆಟ್ಟಗೆ ನಿಂತು, ಚೆನ್ನಾಗಿ ಉಟ್ಟು, ತೋಳನ್ನು ತಲೆಯ ಮೇಲಕ್ಕೆತ್ತಿ ತೋರಿಸುವುದನ್ನು ಹಾಸಿಗೆಯಲ್ಲಿದ್ದವಳು ಕಣ್ಣಾರೆ ಕಾಣುತ್ತಿದ್ದಳು. ವೈದ್ಯನ ಹತ್ತು ಆಶ್ವಾಸನೆಗಳಿಂದ ಆಗದ ಕೆಲಸ ಅದರಿಂದ ಆಗುತ್ತಿತ್ತು.

ಅನೇಕ ಶಸ್ತ್ರವೈದ್ಯರು ಇದನ್ನು ಅನಧಿಕಾರ ಪ್ರವೇಶವೆಂದು ವಿರೋಧಿಸಿದರು. ಆದರೂ ಈ ಕಾರ್ಯ ಬೆಳೆಯಿತು. 'ರೀಚ್ ಟು ರಿಕವರಿ' ಎಂಬ ಹೆಸರಿನ ಈ ಸೇವೆಯನ್ನು 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ತನ್ನದಾಗಿ ಸ್ವೀಕರಿಸಿತು. 1974ರಲ್ಲಿ ಫ್ರಾನ್ಸಿನ್ ಟಿಮೊಥಿ ಎಂಬಾಕೆ ಅದನ್ನು ಯೂರೋಪಿಗೆ ಕೊಂಡೊಯ್ದಳು. ನಿಯಮಗಳು ಕಟ್ಟುನಿಟ್ಟಾಗಿದ್ದುವು. ಭೇಟಿಗೆ ಹೋಗುವವಳು ಸ್ವತಃ ಅದೇ ಶಸ್ತ್ರಚಿಕಿತ್ಸೆಯನ್ನು ಹಾದು ಬಂದವಳಾಗಿರಬೇಕು, ವೈದ್ಯರ ಒಪ್ಪಿಗೆ ಇರಬೇಕು, ಚಿಕಿತ್ಸೆಯ ವಿಷಯದಲ್ಲಿ ಒಂದು ಮಾತನ್ನೂ ಆಡಕೂಡದು.

ಇಷ್ಟಾದರೂ ಈ ಸೇವೆಯ ವಿಷಯದಲ್ಲಿ ಗಂಭೀರವಾದ ಆಕ್ಷೇಪವೊಂದು ಬಂದಿತು. ಅದನ್ನು ಮರೆಮಾಚಿದರೆ ಇತಿಹಾಸಕ್ಕೆ ಅಪಚಾರವಾದೀತು. 1978ರಲ್ಲಿ ಸ್ತನಚ್ಛೇದನಕ್ಕೆ ಒಳಗಾದ ಕಪ್ಪು ಜನಾಂಗದ ಅಮೆರಿಕನ್ ಕವಯಿತ್ರಿ ಆಡ್ರಿ ಲಾರ್ಡ್ ಎಂಬಾಕೆಯ ಬಳಿಗೂ ಇಂತಹ ಸ್ವಯಂಸೇವಕಿಯೊಬ್ಬಳು ಬಂದು, ಕುರಿಯ ಉಣ್ಣೆಯ ಮೆದು ಉಂಡೆಯೊಂದನ್ನು ಕೊಟ್ಟು, ಇದನ್ನು ಧರಿಸಿದರೆ ಯಾರಿಗೂ ವ್ಯತ್ಯಾಸ ತಿಳಿಯದೆಂದಳು. ಲಾರ್ಡ್ ಅದನ್ನು ಧರಿಸಲಿಲ್ಲ. ಧರಿಸದೆ ವೈದ್ಯರಲ್ಲಿಗೆ ಹೋದಾಗ, ಇದರಿಂದ ಇತರ ರೋಗಿಗಳ ಧೈರ್ಯ ಕುಂದುವುದೆಂದು ಅಲ್ಲಿನ ದಾದಿ ಆಕ್ಷೇಪಿಸಿದಳು. 1980ರಲ್ಲಿ ಪ್ರಕಟಿಸಿದ ತನ್ನ 'ದಿ ಕ್ಯಾನ್ಸರ್ ಜರ್ನಲ್ಸ್' ಗ್ರಂಥದಲ್ಲಿ ಆಕೆ ಎತ್ತಿದ ಪ್ರಶ್ನೆ ಇದು: ಗಾಯವನ್ನು ಮುಚ್ಚಿಕೊಳ್ಳುವುದಕ್ಕೆ ಕಲಿಸುವುದು ಯಾರ ನೆಮ್ಮದಿಗಾಗಿ, ಗಾಯಗೊಂಡವಳದೋ ನೋಡುವವರದೋ? ಎಲ್ಲರೂ ಮುಚ್ಚಿಕೊಂಡರೆ ಬದುಕುಳಿದವಳು ಇನ್ನೊಬ್ಬ ಬದುಕುಳಿದವಳನ್ನು ಗುರುತಿಸುವುದಾದರೂ ಹೇಗೆ?

ನನ್ನ ಅಲ್ಪಮತಿಗೆ ತೋರುವಂತೆ, ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಲ್ಯಾಸರಳ ಕಾಲದಲ್ಲಿ ಸಮಾಜವನ್ನು ಕೂಡಲೇ ಬದಲಾಯಿಸುವಂತಿರಲಿಲ್ಲ; ಆ ಸಮಾಜದೊಳಗೆ ತಲೆಯೆತ್ತಿ ನಡೆಯುವ ಉಪಾಯವನ್ನು ಆಕೆ ಕೊಟ್ಟಳು. ಲಾರ್ಡ್ ಸಮಾಜವನ್ನೇ ಪ್ರಶ್ನಿಸಿದಳು. ಮುಚ್ಚಿಕೊಳ್ಳುವುದೋ ತೋರಿಸುವುದೋ ಎಂಬುದು ರೋಗವನ್ನುಂಡವರ ಇಚ್ಛೆಗೆ ಸೇರಿದ್ದು. ನೋಡುವವರ ನಡತೆಯಿಂದ ಒಂದು ದಾರಿಯೇ ಮುಚ್ಚಿಹೋಗುವುದು ಮಾತ್ರ ಅನ್ಯಾಯ.

ಮುಚ್ಚಲು ಸಾಧ್ಯವೇ ಇಲ್ಲದ ಗಾಯಗಳೂ ಉಂಟು. ಗಂಟಲಿನ ಕ್ಯಾನ್ಸರಿಗಾಗಿ ಧ್ವನಿಪೆಟ್ಟಿಗೆಯನ್ನು ಸಂಪೂರ್ಣವಾಗಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ವಿಯೆನ್ನಾದ ಬಿಲ್‌ರೋತ್ 1873ರಲ್ಲಿ ಪ್ರಥಮವಾಗಿ ಮಾಡಿದನು. ಜೀವ ಉಳಿಯಿತು, ಮಾತು ಹೋಯಿತು. ವ್ಯಾಪಾರಿಗೆ ಮಾತೇ ಬಂಡವಾಳ. ಗಿರಾಕಿಯನ್ನು ಕರೆಯಲಾರದವನು, ಮೊಮ್ಮಗುವನ್ನು ಹೆಸರು ಹಿಡಿದು ಕೂಗಲಾರದವನು, ಬದುಕಿದ್ದೂ ಮನೆಯ ಮೂಲೆ ಸೇರಿಬಿಡುತ್ತಾನೆ. ಇಂತಹವರು ತಮ್ಮತಮ್ಮಲ್ಲೇ ಕೂಡಿ ಅನ್ನನಾಳದಿಂದ ದನಿ ಹೊರಡಿಸುವುದನ್ನು ಒಬ್ಬರಿಗೊಬ್ಬರು ಕಲಿಸುತ್ತ, ಅಮೆರಿಕದಲ್ಲಿ ಅನೇಕ ಸಂಘಗಳನ್ನು ಕಟ್ಟಿಕೊಂಡರು. ಆ ಸಂಘಗಳ ಒಕ್ಕೂಟ ಸ್ಥಾಪನೆಯಾದುದೂ ಲ್ಯಾಸರ್ ಹಾಸಿಗೆಯಿಂದ ಎದ್ದ 1952ರಲ್ಲಿಯೇ. ನಮ್ಮ ಬೆಂಗಳೂರಿನ ಶಸ್ತ್ರವೈದ್ಯರಾದ ಡಾ. ವಿಶಾಲ್ ರಾವ್ ಅವರು ಈ ಕಷ್ಟಕ್ಕೆ 2015ರ ಸುಮಾರಿಗೆ ಒಂದು ಪರಿಹಾರವನ್ನು ತಂದರು. ಗಂಟಲಿನ ರಂಧ್ರದಲ್ಲಿ ಅಳವಡಿಸಿ ಮಾತನಾಡಲು ನೆರವಾಗುವ ಸಾಧನವು ಆವರೆಗೆ ವಿದೇಶದಿಂದ ಬರಬೇಕಾಗಿದ್ದು ಅದರ ಬೆಲೆ ಹದಿನೈದು ಸಾವಿರ ರೂಪಾಯಿಗಳಿಗೂ ಮಿಗಿಲಾಗಿತ್ತು. ಅದೂ ಕೆಲವು ತಿಂಗಳಿಗೊಮ್ಮೆ ಬದಲಿಸಬೇಕಾದ ವಸ್ತು. ಅವರು ಮಿತ್ರರೊಬ್ಬರೊಡನೆ ರೂಪಿಸಿದ 'ಓಂ' ಎಂಬ ಸಾಧನದ ಬೆಲೆ ಆಗ 50 ರೂಪಾಯಿಯಾಗಿತ್ತು. ದಾನಿಗಳಾದವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಬದುಕುಳಿದವರ ಸಮಸ್ಯೆಗೆ ಶಾಸ್ತ್ರೀಯವಾದ ರೂಪ ಕೊಟ್ಟವನು ಸ್ವತಃ ರೋಗಿಯಾದ ಒಬ್ಬ ವೈದ್ಯ. ಫಿಟ್ಜ್‌ಹ್ಯೂ ಮಲ್ಲನ್ ಎಂಬ ತರುಣ ವೈದ್ಯನು 1975ರಲ್ಲಿ, ತನ್ನ 32ನೆಯ ವಯಸ್ಸಿನಲ್ಲಿ, ಎದೆಯ ಕ್ಷಕಿರಣ ಚಿತ್ರದಲ್ಲಿ ತನ್ನ ಗಡ್ಡೆಯನ್ನು ತಾನೇ ಕಂಡನು. ಚಿಕಿತ್ಸೆಯಾಯಿತು, ಬದುಕಿದನು. ಹತ್ತು ವರ್ಷಗಳ ತರುವಾಯ, 1985ರಲ್ಲಿ, ನ್ಯೂ ಇಂಗ್ಲೆಂಡ್ ವೈದ್ಯಕೀಯ ಪತ್ರಿಕೆಯಲ್ಲಿ ಆತ ಬರೆದ ಲೇಖನವು ಈ ಇತಿಹಾಸದ ಮೈಲಿಗಲ್ಲಾಗಿದೆ. ರೋಗಿ ಮತ್ತು ಗುಣವಾದವನು ಎಂಬ ಎರಡೇ ವಿಭಾಗ ಸಾಲದೆಂದು ಹೇಳಿ, ಬದುಕುಳಿಯುವಿಕೆಯಲ್ಲಿ ಮೂರು ಋತುಗಳಿವೆಯೆಂದು ಆತ ವಿವರಿಸಿದನು. ಮೊದಲನೆಯದು ಚಿಕಿತ್ಸೆಯ ಕಾಲ. ಅಲ್ಲಿ ಸಾವಿನ ಎದುರು ನೇರ ಹೋರಾಟ, ಸುತ್ತಲೂ ಬಂಧುಬಳಗ. ಎರಡನೆಯದು ಚಿಕಿತ್ಸೆ ನಿಂತು ಕಾಯುವ ಕಾಲ. ಆರು ತಿಂಗಳಿಗೊಮ್ಮೆ ತಪಾಸಣೆ, ಸಣ್ಣ ಕೆಮ್ಮು ಬಂದರೂ ರೋಗ ಮರುಕಳಿಸಿತೆಂಬ ದಿಗಿಲು, ಹೇಳಿಕೊಳ್ಳಲಾಗದ ಆಯಾಸ. ಬಂಧುಗಳು ಆಗಲೇ ತಮ್ಮ ಕೆಲಸಗಳಿಗೆ ಮರಳಿರುತ್ತಾರೆ. ಮೂರನೆಯದು ರೋಗ ಮರಳುವ ಸಂಭವವು ಬಹಳ ಕಡಿಮೆಯಾದ ಕಾಲ; ಆದರೆ ಉದ್ಯೋಗ, ವಿಮೆ, ಸಂತಾನ ಮೊದಲಾದ ವಿಷಯಗಳಲ್ಲಿ ರೋಗದ ಗುರುತು ಅಳಿಯದೆ ಹಿಂಬಾಲಿಸುತ್ತಿರುತ್ತದೆ. ಮುಳುಗುವವನನ್ನು ನೀರಿನಿಂದ ಎತ್ತುವ ವಿದ್ಯೆಯನ್ನೆಲ್ಲ ಕಲಿತ ವೈದ್ಯಶಾಸ್ತ್ರವು, ದಡಕ್ಕೆ ತಂದ ಮೇಲೆ ಅವನನ್ನು ಅಲ್ಲಿಯೇ ಬಿಟ್ಟು ನಡೆದುಬಿಡುತ್ತದೆಂಬುದು ಆತನ ದೂರಿನ ಸಾರವಾಗಿತ್ತು.

ಮರುವರ್ಷ, 1986ರ ಅಕ್ಟೋಬರಿನಲ್ಲಿ, ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಲ್ಲಿ ಕೆಲವೇ ಮಂದಿ ಸೇರಿ ಬದುಕುಳಿದವರ ರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದರು. ಚಿಕಿತ್ಸೆಯ ನಂತರ ಐದು ವರ್ಷ ಬದುಕಿದವರನ್ನು ಮಾತ್ರ ಬದುಕುಳಿದವರೆಂದು ಎಣಿಸುವುದು ಆವರೆಗಿನ ಪದ್ಧತಿ. ಇವರು ಅದನ್ನು ತಳ್ಳಿಹಾಕಿ, ರೋಗ ಪತ್ತೆಯಾದ ದಿನದಿಂದ ಬಾಳಿನ ಕೊನೆಯವರೆಗೂ ಮನುಷ್ಯನು ಬದುಕುಳಿದವನೇ ಎಂದರು. ಇದು ಬರಿಯ ಶಬ್ದದ ತಕರಾರಲ್ಲ. ಐದು ವರ್ಷದ ನಂತರ ಮಕ್ಕಳಾಗುವವೇ, ಹೃದಯ ಗಟ್ಟಿಯಾಗಿರುವುದೇ ಎಂಬ ಪ್ರಶ್ನೆಗಳನ್ನು ಚಿಕಿತ್ಸೆಗೆ ಮೊದಲೇ ಕೇಳುವ ಅಧಿಕಾರವು ಇದರಿಂದ ರೋಗಿಗೆ ದೊರೆಯಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು 1996ರಲ್ಲಿ ಇದಕ್ಕಾಗಿ ಪ್ರತ್ಯೇಕ ಕಚೇರಿಯನ್ನು ತೆರೆಯಿತು.

ಇದೇ ಸುಮಾರಿಗೆ ಮನಸ್ಸಿನ ಚಿಕಿತ್ಸೆಯೂ ರೂಪುಗೊಂಡಿತು. ಮೆಮೋರಿಯಲ್ ಆಸ್ಪತ್ರೆಯಲ್ಲಿ 1977ರಿಂದ ದುಡಿದ ಮನೋವೈದ್ಯೆ ಜಿಮ್ಮಿ ಹಾಲೆಂಡ್ ಇದರ ಪ್ರವರ್ತಕಿ. ಮನೋರೋಗವೆಂದರೆ ರೋಗಿಗಳು ಹಿಂಜರಿಯುವರೆಂದು ತಿಳಿದ ಆಕೆ ಮತ್ತು ಸಹೋದ್ಯೋಗಿಗಳು 'ಸಂಕಟ' ಎಂಬ ಸಾಮಾನ್ಯ ಮಾತನ್ನೇ ಬಳಸಿ, ಜ್ವರಮಾಪಕದಂತೆ ಸೊನ್ನೆಯಿಂದ ಹತ್ತರವರೆಗೆ ಗೆರೆ ಹಾಕಿದ ಚಿತ್ರವನ್ನು ಕೊಟ್ಟು, ನಿಮ್ಮ ಸಂಕಟ ಎಷ್ಟರಲ್ಲಿದೆಯೆಂದು ಗುರುತು ಮಾಡಿಸುವ ಕ್ರಮವನ್ನು ತಂದರು.

ರೋಗಿಗಳು ಕೂಡಿ ಮಾತನಾಡಿದರೆ ಆಯುಷ್ಯ ಹೆಚ್ಚುವುದೆಂಬ ನಂಬಿಕೆಯೊಂದು ಕೆಲಕಾಲ ಹರಡಿತ್ತು. ಡೇವಿಡ್ ಸ್ಪೀಗಲ್ ಎಂಬ ಮನೋವೈದ್ಯನು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗವು ದೇಹದಲ್ಲಿ ಹರಡಿದ್ದ 86 ಸ್ತ್ರೀಯರ ಪೈಕಿ ವಾರಕ್ಕೊಮ್ಮೆ ಗುಂಪಿನಲ್ಲಿ ಕೂಡುತ್ತಿದ್ದವರು ಸರಾಸರಿ ಒಂದೂವರೆ ವರ್ಷ ಹೆಚ್ಚು ಬದುಕಿದರೆಂದು ಕಂಡಿತು. ಆದರೆ 2001ರಲ್ಲಿ ಕೆನಡಾದಲ್ಲಿ ನಡೆದ ದೊಡ್ಡ ಅಧ್ಯಯನವೂ, 2007ರಲ್ಲಿ ಸ್ಪೀಗಲನೇ ಪ್ರಕಟಿಸಿದ ಮರುಪ್ರಯೋಗವೂ ಒಟ್ಟಾರೆ ಅದನ್ನು ಸಮರ್ಥಿಸಲಿಲ್ಲ. ಕೆನಡಾದ ಅಧ್ಯಯನದಲ್ಲಿ ಆಯುಷ್ಯ ಹೆಚ್ಚಲಿಲ್ಲ. ದುಗುಡವೂ ನೋವಿನ ಬಾಧೆಯೂ ತಗ್ಗಿದುವು. ಆಯುಷ್ಯ ಹೆಚ್ಚಲಿಲ್ಲವಾದುದರಿಂದ ಇದು ನಿಷ್ಪ್ರಯೋಜಕವೆಂದು ವಾದಿಸುವವರನ್ನು ನಾನು ಬಲ್ಲೆ. ಲಾಭವನ್ನು ಒಂದೇ ಕಾಲಮ್ಮಿನಲ್ಲಿ ಬರೆಯುವ ಲೆಕ್ಕ ಅದು. ಸಂಕಟಪಡುವವನ ಪಕ್ಕದಲ್ಲಿ ಕುಳಿತುಕೊಳ್ಳಲು ಆಯುಷ್ಯದ ಲಾಭವೇ ಕಾರಣವಾಗಬೇಕೆ?

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಲೇಡಿ ಮೆಹೆರ್‌ಬಾಯಿ ಟಾಟಾ ಅವರು ರಕ್ತದ ಕ್ಯಾನ್ಸರಿನಿಂದ ನಿಧನರಾಗಿದ್ದರು. ಟಾಟಾ ಮನೆತನದ ಟ್ರಸ್ಟಿನ ಹಣದಿಂದ 1941ರಲ್ಲಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಪ್ರಾರಂಭವಾಯಿತು. 1951ರಲ್ಲಿ ಡಾ. ಜಸ್ಸಾವಾಲಾ ಮತ್ತು ನವಲ್ ಟಾಟಾ ಅವರು ಇಂಡಿಯನ್ ಕ್ಯಾನ್ಸರ್ ಸೊಸೈಟಿಯನ್ನು ಸ್ಥಾಪಿಸಿದರು. ನಮ್ಮ ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರದು. ಈ ಕಾಲವೆಲ್ಲ ಆಸ್ಪತ್ರೆ ಕಟ್ಟುವ ಕಾಲ. ಯಂತ್ರಗಳಿಲ್ಲದ, ವೈದ್ಯರು ಸಾಲದ ದೇಶದಲ್ಲಿ ಮನಸ್ಸಿನ ಮಾತು ಹಿಂದೆ ಬಿದ್ದುದರಲ್ಲಿ ಆಶ್ಚರ್ಯವಿಲ್ಲ. 1991ರಲ್ಲಿ ಎರಡು ಘಟನೆಗಳು ಒಟ್ಟಿಗೆ ನಡೆದುವು. ಕೆನಡಾದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಕ್ಯಾನ್ಸರಿಗೆ ಒಳಗಾಗಿ ಗುಣಹೊಂದಿ ಬಂದಿದ್ದ ಹರ್ಮಲಾ ಗುಪ್ತಾ ಎಂಬುವರು, ಅಲ್ಲಿ ಕಂಡಿದ್ದ ಆಸರೆಯ ಗುಂಪುಗಳು ಇಲ್ಲಿಲ್ಲವೆಂದು ಮನಗಂಡು, ದೆಹಲಿಯಲ್ಲಿ 'ಕ್ಯಾನ್ಸರ್ ಸಹಯೋಗ' ಎಂಬ ಗುಂಪನ್ನು ಆರಂಭಿಸಿದರು. ಅದೇ ವರ್ಷ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, ಚಿಕಿತ್ಸೆ ಮುಗಿಸಿದ ಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸುವ ಪ್ರತ್ಯೇಕ ಕ್ಲಿನಿಕ್ ತೆರೆಯಿತು.

ಈ ಮಕ್ಕಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಐದನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಬಂದು ಗುಣವಾದ ಹುಡುಗಿಯೊಬ್ಬಳು ಇಪ್ಪತ್ತೈದನೆಯ ವಯಸ್ಸಿಗೆ ಪದವೀಧರೆಯಾಗಿ, ಆರೋಗ್ಯವಂತಳಾಗಿ ನಿಂತಿದ್ದಾಳೆಂದು ಭಾವಿಸೋಣ. ಆಕೆಯ ಜಾತಕ ಹೊರಡುವ ಕಾಲಕ್ಕೆ ತಂದೆತಾಯಿಗಳು ಏನು ಮಾಡಬೇಕು? ಹೇಳಿದರೆ ಸಂಬಂಧ ಮುರಿಯುತ್ತದೆ. ಅಕ್ಕನ ರೋಗದ ಸುದ್ದಿಯಿಂದ ತಂಗಿಯ ಸಂಬಂಧವೂ ತಪ್ಪಿದ ಉದಾಹರಣೆಗಳನ್ನು ವಧೂವರರ ಸಮಾವೇಶಗಳಲ್ಲಿ ಓಡಾಡಿದವರು ಬಲ್ಲರು. ಹೇಳದಿದ್ದರೆ ಅಸತ್ಯದ ದೋಷ, ಜೊತೆಗೆ ಎಂದು ಬಯಲಾದೀತೋ ಎಂಬ ಜೀವನಪರ್ಯಂತದ ಅಂಜಿಕೆ. ಮುಚ್ಚಿಟ್ಟು ಮದುವೆ ಮಾಡುವುದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಸತ್ಯವನ್ನು ನುಡಿದವರಿಗೆ ಮಾತ್ರ ದಂಡ ವಿಧಿಸುವ ಸಮಾಜವು ಸತ್ಯವ್ರತದ ಉಪದೇಶ ಮಾಡುವುದು ಹೇಗೆ? ಕ್ಯಾನ್ಸರುಗಳಲ್ಲಿ ನೂರಕ್ಕೆ 5ರಿಂದ 10ರಷ್ಟು ಮಾತ್ರ ವಂಶದಿಂದ ಬರತಕ್ಕವು. ಉಳಿದವುಗಳು ಹಾಗೆ ನೇರವಾಗಿ ವಂಶದಿಂದ ಬರತಕ್ಕವಲ್ಲ. ಇಂಥದೊಂದು ಸಂಬಂಧ ಬಂದಾಗ ಗೌಪ್ಯವಾಗಿ ವೈದ್ಯರನ್ನು ಕೇಳಿದರೆ ಅರ್ಧ ಗಂಟೆಯಲ್ಲಿ ತಿಳಿಯುವ ವಿಷಯವಿದು.

ಅಂಟುರೋಗವೆಂಬ ಭ್ರಮೆಯೂ ಹೋಗಿಲ್ಲ. ಬಾಯಿಯ ಶಸ್ತ್ರಚಿಕಿತ್ಸೆಯಾಗಿ ಮೂರು ವರ್ಷ ಕಳೆದಿದ್ದ ಹಿರಿಯರೊಬ್ಬರಿಗೆ ಗೃಹಪ್ರವೇಶದ ಊಟದಲ್ಲಿ ಬೇರೆ ಲೋಟವನ್ನಿಟ್ಟು, ಅದನ್ನು ಬೇರೆಯಾಗಿಯೇ ತೊಳೆಯಲು ಕೊಟ್ಟುದನ್ನು ನಾನು ಕಂಡಿದ್ದೇನೆ. ಮನೆಯವರಿಗೆ ದುರುದ್ದೇಶವೇನೂ ಇರಲಿಲ್ಲ, ಉಪಚಾರವನ್ನೂ ಚೆನ್ನಾಗಿಯೇ ಮಾಡಿದರು. ಆ ಹಿರಿಯರು ಆಮೇಲೆ ಯಾರ ಮನೆಯ ಸಮಾರಂಭಕ್ಕೂ ಬಂದುದನ್ನು ನಾನು ನೋಡಲಿಲ್ಲ. ಕ್ಯಾನ್ಸರ್ ಎಂಜಲಿನಿಂದಾಗಲಿ ಸ್ಪರ್ಶದಿಂದಾಗಲಿ ಜೊತೆಯಲ್ಲಿ ಉಣ್ಣುವುದರಿಂದಾಗಲಿ ಹರಡುವುದಿಲ್ಲ. ಸಮಂತಭದ್ರಾಚಾರ್ಯರ ಶ್ರಾವಕಾಚಾರವನ್ನು ಓದಿದ ಮನೆಗಳಲ್ಲಿ ನಿರ್ವಿಚಿಕಿತ್ಸೆ ಎಂಬ ಅಂಗದ ವಿವರಣೆ ಬೇಕಿಲ್ಲ; ದೇಹದ ವಿಕಾರವನ್ನು ಕಂಡು ಜುಗುಪ್ಸೆಪಡದಿರುವುದೇ ಅದು.

ಆ ಆಚಾರ್ಯರ ಕುರಿತು ಪರಂಪರೆಯಲ್ಲಿ ಬಂದ, ದೇವಚಂದ್ರನು ತನ್ನ ರಾಜಾವಳಿ ಕಥೆಯಲ್ಲಿ ಹೇಳಿರುವ ವೃತ್ತಾಂತವನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಎಷ್ಟು ಉಂಡರೂ ಹಸಿವು ಅಡಗದ ಭಸ್ಮಕ ವ್ಯಾಧಿಯಿಂದ ನೊಂದ ಅವರು ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಸದ್ಯಕ್ಕೆ ಬಿಟ್ಟು ಹೋಗಿ ರೋಗವನ್ನು ಕಳೆದುಕೊಂಡು ಬಂದು ಪುನಃ ದೀಕ್ಷೆ ಪಡೆಯಬೇಕೆಂದರು, ಹಾಗೆಯೇ ನಡೆಯಿತು. ಕಥೆಯ ಪವಾಡದ ಭಾಗವನ್ನೇ ನಾವು ಸಾಮಾನ್ಯವಾಗಿ ವಿಸ್ತರಿಸಿ ಹೇಳುತ್ತೇವೆ. ರೋಗಿಯನ್ನು ಕಳುಹಿಸುವಾಗಲೇ ಗುರುಗಳು ಮರಳಿ ಬರುವ ಬಾಗಿಲನ್ನು ತೆರೆದಿರಿಸಿದುದು ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ಹಣದ ವಿಷಯವನ್ನೂ ಹೇಳಿ ಮುಗಿಸಬೇಕು. ಹತ್ತು ವರ್ಷದ ಹಿಂದೆ ಗುಣವಾದವನು ಮನೆ ಕಟ್ಟಲು ಸಾಲ ಕೇಳಿದರೆ, ಸಾಲಕ್ಕೆ ಬೇಕಾದ ವಿಮೆ ಅವನಿಗೆ ಸಿಕ್ಕದು. ಸಿಕ್ಕಿದರೂ ಕಂತು ವಿಪರೀತ. ಫ್ರಾನ್ಸ್ ದೇಶವು 2016ರಲ್ಲಿ ಇದಕ್ಕೊಂದು ಕಾನೂನು ಮಾಡಿತು. ಚಿಕಿತ್ಸೆ ಮುಗಿದು ಹತ್ತು ವರ್ಷಗಳಾಗಿ ರೋಗ ಮರುಕಳಿಸದಿದ್ದರೆ ಸಾಲದ ವಿಮೆಗಾಗಿ ಅದನ್ನು ತಿಳಿಸಬೇಕಾದ ಅಗತ್ಯವೇ ಇಲ್ಲ. 2022ರಲ್ಲಿ ಈ ಅವಧಿಯನ್ನು ಐದು ವರ್ಷಕ್ಕೆ ಇಳಿಸಲಾಯಿತು. ಬೆಲ್ಜಿಯಂ, ಪೋರ್ಚುಗಲ್, ಇಟಲಿ ಮೊದಲಾದ ದೇಶಗಳೂ ಇಂತಹ ಕಾನೂನುಗಳನ್ನು ಮಾಡಿದುವು. ಇದನ್ನು ಅವರು 'ಮರೆಯಲ್ಪಡುವ ಹಕ್ಕು' ಎಂದು ಕರೆಯುತ್ತಾರೆ. ಭಾರತದಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ, ಆರೋಗ್ಯ ವಿಮೆ ಪಡೆಯುವ ಮೊದಲೇ ಇದ್ದ ರೋಗಗಳಿಗೆ ಗರಿಷ್ಠ ಕಾಯುವಿಕೆಯ ಅವಧಿಯನ್ನು 48 ತಿಂಗಳಿನಿಂದ 36 ತಿಂಗಳಿಗೆ ಇಳಿಸಿತು. ಅಲ್ಪವಾದರೂ ಸ್ವಾಗತಾರ್ಹ. ಆದರೆ ಉದ್ಯೋಗ ಕೊಡುವ ವಿಷಯದಲ್ಲಿ ಕಾನೂನಿಗಾಗಿ ಕಾಯಬೇಕಾದುದಿಲ್ಲ. ನಮ್ಮ ಸಮಾಜದವರ ಅಂಗಡಿಗಳೂ ಗೋದಾಮುಗಳೂ ಕಚೇರಿಗಳೂ ನಾಡಿನ ತುಂಬ ಇವೆ. ಭಾರ ಎತ್ತಲಾರದವನನ್ನು ಗಲ್ಲೆಯ ಬಳಿ ಕೂರಿಸಬಹುದು. ಪೂರ್ಣ ದಿನ ದುಡಿಯಲಾರದವನಿಗೆ ಮಧ್ಯಾಹ್ನದವರೆಗಿನ ಕೆಲಸ ಕೊಡಬಹುದು. ಅವನಿಗೆ ಸಂಬಳಕ್ಕಿಂತಲೂ, ಬೆಳಿಗ್ಗೆ ಎದ್ದು ಹೋಗಲು ಒಂದು ಸ್ಥಳ ಬೇಕಾಗಿರುತ್ತದೆ.

ಟ್ರಸ್ಟುಗಳಿಂದ ಇಂತಹ ಕಾರ್ಯ ಅಸಾಧ್ಯವೆನ್ನುವವರು ಎರಡು ನಿದರ್ಶನಗಳನ್ನು ನೋಡಬಹುದು. ಪಾಟ್ನಾದ ಮಹಾವೀರ ಮಂದಿರದ ಟ್ರಸ್ಟು 1998ರಲ್ಲಿ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯನ್ನೇ ತೆರೆಯಿತು. (ಹೆಸರನ್ನು ನೋಡಿ ನಮ್ಮ ಮಂದಿರವೆಂದು ಹಿಗ್ಗುವಂತಿಲ್ಲ, ಅಲ್ಲಿನ ಮಹಾವೀರನು ಹನುಮಂತದೇವರು. ಭಕ್ತರ ಕಾಣಿಕೆಯೂ ಪ್ರಸಾದದ ಲಾಡುವಿನ ಲಾಭವೂ ರೋಗಿಗಳಿಗೆ ಸಲ್ಲುತ್ತಿದೆ.) ಎರಡನೆಯದು ನಮ್ಮವರದೇ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಕಾಲದಲ್ಲಿ, 1975ರಲ್ಲಿ, ಜಯಪುರದಲ್ಲಿ ಡಿ. ಆರ್. ಮೆಹತಾ ಅವರು ಸ್ಥಾಪಿಸಿದ ವಿಕಲಾಂಗ ಸಹಾಯತಾ ಸಮಿತಿಯು ಕಾಲು ಕಳೆದುಕೊಂಡವರಿಗೆ ಉಚಿತವಾಗಿ ಜಯಪುರ ಕಾಲನ್ನು ಜೋಡಿಸುತ್ತ ಬಂದಿದೆ. ಮೂಳೆಯ ಕ್ಯಾನ್ಸರಿನಿಂದ ಕಾಲು ಹೋದವರಿಗೂ ಈ ಬಾಗಿಲು ತೆರೆದೇ ಇದೆ.

ನಮ್ಮ ಸಣ್ಣ ಟ್ರಸ್ಟುಗಳಿಗೆ ಆಸ್ಪತ್ರೆ ಕಟ್ಟುವ ಶಕ್ತಿ ಇಲ್ಲದಿರಬಹುದು. ನೆರವಿನ ಅರ್ಜಿಯಲ್ಲಿ ಎರಡು ಅಂಶಗಳನ್ನು ಸೇರಿಸುವುದು ಕಷ್ಟವಲ್ಲ. ಮೊದಲನೆಯದು, ಚಿಕಿತ್ಸೆ ಮುಗಿದ ಮೇಲಿನ ತಪಾಸಣೆಯ ವೆಚ್ಚ. ತಪಾಸಣೆಗೆ ಹೋಗುವವರಿಗೂ ರೈಲ್ವೆಯ ರಿಯಾಯಿತಿ ಉಂಟೆಂಬುದು ಹಲವರಿಗೆ ತಿಳಿದಿಲ್ಲ. ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಊಟ ವಸತಿಯ ಖರ್ಚನ್ನು ಟ್ರಸ್ಟು ವಹಿಸಿಕೊಳ್ಳಬಹುದು. ಎರಡನೆಯದು ಲ್ಯಾಸರಳಿಂದ ಕಲಿಯಬಹುದಾದುದು. ಹೊಸದಾಗಿ ರೋಗಕ್ಕೆ ತುತ್ತಾದವರೊಡನೆ ಮಾತನಾಡಲು ಸಿದ್ಧರಿರುವ ಬದುಕುಳಿದವರ ಪಟ್ಟಿಯೊಂದನ್ನು ಕಾರ್ಯದರ್ಶಿಗಳು ಇಟ್ಟುಕೊಳ್ಳಬಹುದು. ಸ್ತ್ರೀಯರ ಬಳಿಗೆ ಸ್ತ್ರೀಯರೇ ಹೋಗಬೇಕು, ಸಾಧ್ಯವಾದಷ್ಟೂ ಅದೇ ಬಗೆಯ ಚಿಕಿತ್ಸೆಯಾದವರು ಹೋಗಬೇಕು, ಔಷಧದ ಸಲಹೆ ಕೊಡಕೂಡದು. ಆ ಪಟ್ಟಿಯಲ್ಲಿ ಯಾರ ಹೆಸರನ್ನೂ ಅವರೇ ಬಂದು ಹೇಳದ ಹೊರತು ಬರೆಯಬಾರದು. ಬರೆದುದನ್ನು ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಓದಲೂಬಾರದು.